ಕಪ್ಪೆಹೊಟ್ಟೆಯ ಹುಳ

ಇನ್ನೂ ಮಿಸುಕುತ್ತಿವೆ, ಕಪ್ಪೆ ಸತ್ತದ್ದು ಅವಕ್ಕೆ ಗೊತ್ತೇ ಆಗಿಲ್ಲ, ಎಂದುಕೊಂಡಳು ವಸುಧಾ, ಮೈಕ್ರೋಸ್ಕೋಪಿಗೆ ಕಣ್ಣೊತ್ತಿ — ದಕ್ಷಿಣ ಅಮೆರಿಕದಿಂದ ತರಿಸಿದ ನೆಲಗಪ್ಪೆ, ಸೀಳಿದ ಕರುಳು, ಉಪ್ಪುನೀರಿನಲ್ಲಿ ದಾರದ ತುಂಡುಗಳಂಥ ಜಂತುಹುಳುಗಳು, ಒಂದು ಹೆಣ್ಣುಹುಳದ ತಿಳಿಮೈಯೊಳಗೆ ಮರಿಗಳು ಹೊರಳುತ್ತಿವೆ, ಎಷ್ಟು ಚಂದ. ಜಪಾನಿನ ವಾಕೋದ ಈ ಲ್ಯಾಬಿನಲ್ಲಿ ಇವತ್ತು ಅವಳೊಬ್ಬಳೇ, ಕೊರೋನಾ ಬಂದ ಮೇಲೆ ದಿನಕ್ಕೊಬ್ಬರೇ, ಮೇವು ಹಾಕುವವರಿಲ್ಲ, ಕಪ್ಪೆಗಳನ್ನೆಲ್ಲ ಮುಗಿಸಿಬಿಡಿ ವಸುಧಾ ಸಾನ್, ಹುಳಗಳನ್ನಾದರೂ ಮಾದರಿಗೆಂದು ಸೀಸೆಯಲ್ಲಿ ಉಳಿಸಿಕೊಳ್ಳೋಣ, ಎಂದು ಮೇಲಿನವರಾದ ನಕಾನೋ ಸಾನ್ ವಿಡಿಯೋದಲ್ಲಿ ತಲೆಬಾಗಿ ಹೇಳಿದ್ದರು. ಫೋನು ಮತ್ತೆ ಗುರ್ರೆನ್ನುತ್ತಿದೆ, ಹರಿಹರ, ಗಂಡ, ಸೋಂಕಿತರನ್ನಿಟ್ಟ ಹೋಟೆಲಿನ ಕೋಣೆಯಿಂದ. ಬೆಳಿಗ್ಗೆಯೂ ಮಾಡಿದ್ದ, ಉಸಿರು ಸಿಕ್ತಿಲ್ಲ ಕಣೆ, ಕೆಳಗಿನ ಡೆಸ್ಕ್‌ನವರಿಗೆ ನನ್ನ ಇಂಗ್ಲಿಷ್ ಅರ್ಥವಾಗ್ತಿಲ್ಲ, ನೀನೇ ಜಾಪನೀಸ್‌ನಲ್ಲಿ ಹೇಳು, ಪ್ಲೀಸ್. ಹೇಳ್ತೀನಿ ಬಿಡಿ, ಅಂದಿದ್ದಳು. ಹೇಳಿಲ್ಲ. ಯಾಕೆ ಹೇಳಬೇಕು — ನಮ್ಮವರೇ ತುಂಬಿರುವ ನಿಶಿ ಕಸಾಯಿಯ ಯುಗಾದಿ ಊಟ, ಸಾಲಾಗಿ ಕೂತ ಸ್ನೇಹಿತರು, ಒಬ್ಬಟ್ಟು ಬಡಿಸಲು ಬಗ್ಗಿದವಳ ಕೈಯಿಂದ ತಟ್ಟೆ ಕಿತ್ತುಕೊಂಡು ಹರಿಹರ, ಇವಳ ಕೈಯಿಂದ ಬೇಡಪ್ಪಾ, ಕಪ್ಪೆಹೊಟ್ಟೆ ಹುಳ ಹೆಕ್ಕೋ ಕೈ ಅದು, ಅಂದ, ಎಲ್ಲರೂ ನಕ್ಕರು, ಅವಳೂ ನಕ್ಕಳು, ಆಮೇಲೆ ಬಚ್ಚಲಲ್ಲಿ ಚರ್ಮ ಉರಿಯುವವರೆಗೆ ತಿಕ್ಕಿದಳು, ಅನ್ನದ ಕುಕ್ಕರ್ ಮುಟ್ಟಬೇಡ ಅಂದ, ಮಗುವಿನ ಮಾತೆತ್ತಿದರೆ ಅಂಥ ಕೈಯಲ್ಲಿ ಮಗು ಎತ್ತಿಕೊಳ್ತೀಯಾ ಅಂದ, ಭಾಷೆ ಕಲೀರಿ ಅಂದರೆ ಆಫೀಸಿಗೆ ಇಂಗ್ಲಿಷ್ ಸಾಕು ಅಂದ — ಕಾಯಲಿ, ಸ್ವಲ್ಪ ಕಾಯಲಿ, ಸುಮಿಮಾಸೆನ್, ಕ್ಷಮಿಸಿ, ಅನ್ನೋದಾದರೂ ಬರುತ್ತಲ್ಲ, ಅದರಲ್ಲೇ ಉಸಿರು ಬೇಡಲಿ. ಹುಳ ಕೆಡದಂತಿಡುವ ಸ್ಪಿರಿಟ್ ಬಿಸಿಯಾಗಿದೆ, ಜೀವವಿರುವಾಗಲೇ ಹಾಕಬೇಕು, ಸತ್ತ ಮೇಲೆ ಹಾಕಿದರೆ ಸುರುಟಿದಂತೆಯೇ ಉಳಿದುಬಿಡುತ್ತವೆ, ಕುಂಚದ ತುದಿಯಲ್ಲಿ ಆ ಹೆಣ್ಣನ್ನೆತ್ತಿ ಬಿಟ್ಟಳು, ಒಂದೇ ಸಲ ಸೆಟೆದು ನೆಟ್ಟಗಾಯಿತು, ಒಳಗಿನ ಹೊರಳಾಟವೂ ನಿಂತಿತು. ಫೋನೂ ನಿಂತಿತು. ಹಾಯೆನಿಸಿತು, ಹೌದು, ಹಾಯೆನಿಸಿತು.

ಹುಳದ ತಟ್ಟೆ ಖಾಲಿಯಾದ ಮೇಲೆಯೇ ಗ್ಲೌಸು ಕಳಚಿ, ಗಂಟಲು ಸರಿಮಾಡಿಕೊಂಡು, ಹೋಟೆಲಿಗೆ ಫೋನು, ಎಂಥ ವಿನಯದ ಜಾಪನೀಸ್ ತನ್ನದು, ಆ ಕಡೆಯ ಹೆಂಗಸಿನದು ಇನ್ನೂ ವಿನಯ, ನೀವು ಅವರ ಮನೆಯವರೇ, ಬೆಳಗಿನಿಂದ ಏನೋ ಹೇಳುತ್ತಿದ್ದರು, ನಮಗೆ ತಿಳಿಯಲಿಲ್ಲ, ಮಧ್ಯಾಹ್ನದ ಊಟ ತೆಗೆದುಕೊಳ್ಳಲಿಲ್ಲವೆಂದು ಬಾಗಿಲು ತೆಗೆಸಿದೆವು, ಆಗಲೇ ತೀರಿಹೋಗಿದ್ದರು, ಕ್ಷಮಿಸಿ, ದಯವಿಟ್ಟು ಕ್ಷಮಿಸಿ. ಊಟ ಎಲ್ಲಿಟ್ಟಿದ್ದಿರಿ, ಎಂದು ಕೇಳಿದಳು ವಸುಧಾ, ಅದನ್ನೇ ಯಾಕೆ ಕೇಳಿದಳೋ. ಬಾಗಿಲ ಹೊರಗೆ, ಕುರ್ಚಿಯ ಮೇಲೆ. ಅತ್ತೆಗೆ ತಿಳಿಸಬೇಕು, ಮೈಸೂರಿನಲ್ಲಿ ಈಗ ಬೆಳಿಗ್ಗೆ, ಪೂಜೆಯಲ್ಲಿರುತ್ತಾರೆ, ಏನಂತ ಹೇಳುವುದು, ಹೋಟೆಲಿನವರು — ಕಣ್ಣಮುಂದೆ ಉದ್ದನೆಯ ಕಾರಿಡಾರ್, ಬಾಗಿಲಿಗೊಂದು ಕುರ್ಚಿ, ಉಳಿದವೆಲ್ಲ ಖಾಲಿ, ಒಂದರ ಮೇಲೆ ಮಾತ್ರ ಪ್ಲಾಸ್ಟಿಕ್ ಡಬ್ಬಿ, ಹಬೆ ನೀರಾಗಿ ಮುಚ್ಚಳದೊಳಗೆ ಹನಿಹನಿಯಾಗಿ ನಿಂತಿದೆ, ಅತ್ತೆಗೆ, ಅತ್ತೆಗೆ ಏನಂತ — ಕುರ್ಚಿ, ಅದರ ಮೇಲೆ ಡಬ್ಬಿ, ಮುಚ್ಚಳದೊಳಗೆ ಹನಿ — ಕುರ್ಚಿಯ ಮೇಲೆ ಡಬ್ಬಿ —