ದೊಡ್ಡಳಿಯನೂ ಹಗಲುದೀಪವೂ

ಹಗಲು ಹೊತ್ತಿನಲ್ಲಿ ಎದುರಿನಿಂದ ಯಾವ ವಾಹನ ದೀಪ ಉರಿಸಿಕೊಂಡು ಬಂದರೂ ನನ್ನ ದೊಡ್ಡಳಿಯನ ಬಲಗೈ ತಾನಾಗಿ ಕಿಟಕಿಯಿಂದ ಹೊರಗೆ ಹೋಗುತ್ತಿತ್ತು. ಹೋಗಿ, ಐದೂ ಬೆರಳು ಮೊಗ್ಗಿನ ಹಾಗೆ ಕೂಡಿ, ಅರಳಿ, ಮತ್ತೆ ಕೂಡಿ, ಮತ್ತೆ ಅರಳಿ, 'ಅಯ್ಯಾ, ನಿನ್ನ ದೀಪ ಸುಮ್ಮನೆ ಉರಿಯುತ್ತಿದೆ, ಆರಿಸಿಕೋ' ಎಂಬ ಸಂದೇಶವನ್ನು ಮುಟ್ಟಿಸಿ, ಕೃತಕೃತ್ಯನಾದ ದೂತನಂತೆ ಹಿಂದಿರುಗಿ ಸ್ಟಿಯರಿಂಗಿನ ಮೇಲೆ ಕೂರುತ್ತಿತ್ತು. ಮಾತು ಅರ್ಧದಲ್ಲಿದ್ದರೂ ಸರಿ, ಹಿಂದಿನ ಸೀಟಿನಲ್ಲಿ ಹೆರಿಗೆ ನೋವಿನ ಹೆಂಗಸು ನರಳುತ್ತಿದ್ದರೂ ಸರಿ, ಆ ಕೈಗೆ ಅದರ ಕೆಲಸ ಮೊದಲು. ಟ್ಯಾಕ್ಸಿ ಸ್ಟ್ಯಾಂಡಿನವರು ಇದಕ್ಕಾಗಿಯೇ ಆತನಿಗೆ ಮಿಣುಕಪ್ಪ ಎಂದು ಹೆಸರಿಟ್ಟಿದ್ದರು.

ಆತ ಎತ್ತರದ, ಸಣಕಲು ಆಳು. ನೆಲದ ಮೇಲೆ ನಡೆಯುವಾಗಲೂ ಎಡಗಾಲು ಕ್ಲಚ್ಚನ್ನು ಹುಡುಕುವಂತೆ ಒಂದು ಕ್ಷಣ ತಡೆದು, ಮೆತ್ತಗೆ ಊರುತ್ತಿತ್ತು. ಗಾಡಿ ಓಡಿಸುವಾಗ ಮಾತ್ರ ತೊಡುವ ಕಂದು ಬಣ್ಣದ ತೋಳಿಲ್ಲದ ಕೋಟೊಂದಿತ್ತು. ಎದುರಿಗೆ ಹೊಸದರಂತೆ ಕಾಣುತ್ತಿದ್ದ ಅದು ಬೆನ್ನಿನ ಕಡೆ ಸೀಟಿಗೆ ತಿಕ್ಕಿ ತಿಕ್ಕಿ ಕನ್ನಡಿಯಾಗಿತ್ತು. ಯಾವ ಮಾತನ್ನೇ ಆಗಲಿ 'ನ್ಯಾಯವಾಗಿ ಹೇಳಬೇಕು ಅಂದ್ರೆ' ಎಂದು ಶುರು ಮಾಡುವುದು ವಾಡಿಕೆ. ಹಾಗೆ ಶುರುವಾದ ಮಾತಿನಲ್ಲಿ ನ್ಯಾಯ ಕಂಡವರನ್ನು ನಾನಂತೂ ನೋಡಿಲ್ಲ.

ನಮ್ಮ ಮನೆಯ ಸಮಸ್ತ ಸಂಚಾರವೂ ಆತನ ಹಳೆಯ ಬಿಳಿ ಕಾರಿನಲ್ಲೇ ನಡೆಯಿತು. ಮದುವೆ ದಿಬ್ಬಣ ಅದರಲ್ಲಿ, ಆಸ್ಪತ್ರೆ ಅದರಲ್ಲಿ, ನನ್ನ ಯಜಮಾನರ ಕೊನೆಯ ಪ್ರಯಾಣವೂ ಅದರ ಹಿಂದೆಯೇ. ಬಾಡಿಗೆ ಬಿಟ್ಟಾದರೂ ಬರುತ್ತಿದ್ದ, ಒಂದು ದಿನವೂ ಆಡಿ ತೋರಿಸಲಿಲ್ಲ. ಎಲ್ಲರೂ ತನ್ನನ್ನೇ ಕಾಯಬೇಕು, ತಾನು ಬಂದ ಮೇಲೆಯೇ ಎಲ್ಲರೂ ಹೊರಡಬೇಕು ಎಂಬುದು ಆತನಿಗೆ ಬೇಕಾದ ಏಕೈಕ ಸಂಬಳವಾಗಿತ್ತು. ಅದು ತಪ್ಪದೆ ಸಲ್ಲುತ್ತಿತ್ತು, ಕಿರಿಯಳಿಯ ಕಾರು ಕೊಳ್ಳುವವರೆಗೆ.

ಕಿರಿಯಳಿಯನದು ಕನ್ನಡಕದ ಅಂಗಡಿ. ನಿದ್ದೆಗಣ್ಣಿನ, ಮೃದು ಮಾತಿನ ಮನುಷ್ಯ. ಸಿಟ್ಟು ಬರಿಸಬೇಕೆಂದು ಹೊರಟವರೇ ಸುಸ್ತಾಗಿ ಕೂರಬೇಕು. ಬೂದಿ ಬಣ್ಣದ ಹೊಸ ಕಾರನ್ನು ತಂದು ಅಂಗಳದಲ್ಲಿ ನಿಲ್ಲಿಸಿದಾಗ ಅದರ ಮೂತಿಯಲ್ಲಿ ಎರಡು ಬೆಳ್ಳಿಯ ಹುಬ್ಬುಗಳಂತೆ ದೀಪಗಳು ಹೊಳೆಯುತ್ತಿದ್ದವು. ಸುಡು ಮಧ್ಯಾಹ್ನ. ಮೆಟ್ಟಿಲ ಮೇಲೆ ನಿಂತಿದ್ದ ದೊಡ್ಡಳಿಯನ ಕೈ ತಾನಾಗಿ ಮೇಲೆದ್ದು ಬೆರಳು ಕೂಡಿಸಿ ಅರಳಿಸಿತು.

"ಅದು ಆರಲ್ಲ ಭಾವ," ಎಂದ ಕಿರಿಯಳಿಯ. "ಇಂಜಿನ್ ಶುರುವಾದ್ರೆ ತಾನೇ ಹತ್ಕೊಳ್ಳುತ್ತೆ. ಹಗಲಿಗೇ ಅಂತ ಮಾಡಿರೋ ದೀಪ."

ನನ್ನ ಕಿರಿಮಗಳು ಪಕ್ಕನೆ ನಕ್ಕಳು. ಎತ್ತಿದ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ದೊಡ್ಡಳಿಯ ತಲೆ ಕೆರೆದುಕೊಂಡ. ಹೊಟ್ಟೆಕಿಚ್ಚು ಹೊತ್ತಿಕೊಳ್ಳುವುದನ್ನು ನಾನು ಕಣ್ಣಾರೆ ಕಂಡದ್ದು ಅಂದು: ಮೊದಲು ಕಿವಿ ಕೆಂಪಾಯಿತು, ಆಮೇಲೆ ಮುಖ ಹುಳ್ಳಗಾಯಿತು, ಆಮೇಲೆ ಬಾಯಿಗೆ ವೇದಾಂತ ಬಂತು.

ನ್ಯಾಯವಾಗಿ ಹೇಳಬೇಕು ಅಂದ್ರೆ ಸೂರ್ಯ ಇರುವಾಗ ದೀಪ ಯಾಕೆ, ಹಗಲಲ್ಲಿ ಕಾರು ಕಾಣದವನಿಗೆ ಲೈಸೆನ್ಸ್ ಕೊಟ್ಟವರು ಯಾರು, ಆ ಬೆಳಕೇನು ಪುಕ್ಕಟೆ ಬರುತ್ತದೆಯೇ, ಪೆಟ್ರೋಲು ಸುಟ್ಟೇ ಬರಬೇಕಲ್ಲವೇ ಎಂದು ಸಿಕ್ಕಸಿಕ್ಕವರ ಮುಂದೆ ವಾದ ಮಂಡಿಸತೊಡಗಿದ. ಒಂದು ವಾದ ಮಾತ್ರ ನನಗೂ ತೂಕದ್ದೆನಿಸಿತು. ಇಷ್ಟು ದಿನ ದೀಪ ಹಚ್ಚಿಕೊಂಡು ಬರುವ ಬೈಕಿನವನು ಎದ್ದು ಕಾಣುತ್ತಿದ್ದ. ಇನ್ನು ಕಾರುಗಳೆಲ್ಲ ಕಣ್ಣು ಹೊಡೆಯತೊಡಗಿದರೆ ಆ ಬಡಪಾಯಿಯನ್ನು ಯಾರು ನೋಡುತ್ತಾರೆ, ಸಂತೆಯಲ್ಲಿ ಎಲ್ಲರೂ ಕೂಗಿದರೆ ಯಾರ ಕೂಗು ಕೇಳುತ್ತದೆ ಎಂದ. ಕಿರಿಯಳಿಯ ಜಗಳಕ್ಕೆ ಸಿಗಲಿಲ್ಲ. ಬೂದಿ ಬಣ್ಣದ ಕಾರು ಮರದ ನೆರಳಿನಲ್ಲಿ, ಜಿನುಗು ಮಳೆಯಲ್ಲಿ ರಸ್ತೆಯ ಬಣ್ಣದಲ್ಲೇ ಬೆರೆತುಹೋಗುತ್ತದೆ, ಈ ದೀಪ ದಾರಿ ನೋಡುವುದಕ್ಕಲ್ಲ, ನಮ್ಮನ್ನು ಬೇರೆಯವರು ನೋಡುವುದಕ್ಕೆ ಎಂದಷ್ಟೇ ಹೇಳಿ ಕನ್ನಡಕ ಒರೆಸಿಕೊಂಡ.

ಆಗ ನಾನೂ ಬಾಯಿ ಹಾಕಿದೆ. ಕಣ್ಣಿಗೆ ಪೊರೆ ಬಂದ ಮೇಲೆ ರಸ್ತೆ ದಾಟುವುದೆಂದರೆ ನನಗೆ ಜೀವ ಕೈಯಲ್ಲಿ ಹಿಡಿದ ಹಾಗೆ. ಈ ಕಾರು ಮಾತ್ರ ಬೀದಿಯ ಆ ತುದಿಯಲ್ಲಿರುವಾಗಲೇ ಗೊತ್ತಾಗುತ್ತದೆ ಎಂದೆ. ದೊಡ್ಡಳಿಯ ನನ್ನ ಕಡೆ ತಿರುಗಿ, ಏಟು ತಿಂದವನ ದನಿಯಲ್ಲಿ ಕೇಳಿದ:

"ನಮ್ ಗಾಡಿ ಕಾಣಲ್ವಾ ಅತ್ತೆ ನಿಮಗೆ?"

"ಕಾಣುತ್ತೆ, ಹತ್ತಿರ ಬಂದ ಮೇಲೆ."

ಆ ಹೊತ್ತಿನ ಊಟದಲ್ಲಿ ಆತ ಎರಡನೆಯ ಸಲ ಬಡಿಸಿಕೊಳ್ಳದೆ ಎದ್ದ.

ಇಷ್ಟಾದರೂ ಕಿಚ್ಚು ಒಲೆಯೊಳಗೇ ಇತ್ತು. ಅದು ಸೂರಿಗೆ ತಗುಲಿದ್ದು ಮಗಳಿಂದ. ಆತನ ಒಬ್ಬಳೇ ಮಗಳು ಆಸ್ಪತ್ರೆಯ ರಕ್ತಪರೀಕ್ಷೆಯ ವಿಭಾಗದಲ್ಲಿ ಕೆಲಸಕ್ಕಿದ್ದಳು. ಸಂಜೆ ಅವಳನ್ನು ಕರೆತರುವುದು ಅಪ್ಪನ ದಿನಚರಿಯ ಶಿಖರ. ಆ ಹೊತ್ತಿಗೆ ಎಂಥ ಬಾಡಿಗೆ ಬಂದರೂ ಒಲ್ಲೆ ಎನ್ನುತ್ತಿದ್ದ. ಚಿಕ್ಕಪ್ಪನ ಅಂಗಡಿ ಆಸ್ಪತ್ರೆಯ ಮಗ್ಗುಲಲ್ಲೇ. ಹುಡುಗಿ ಒಂದು ದಿನ ಸಹಜವಾಗಿ, ಅಪ್ಪನಿಗೆ ಉಪಕಾರವಾಗಲೆಂದೇ, "ನಾಳೆಯಿಂದ ನೀವು ಅಷ್ಟು ದೂರ ಬರಬೇಡಿ ಅಪ್ಪಾ, ಚಿಕ್ಕಪ್ಪನ ಜೊತೆ ಬಂದುಬಿಡ್ತೀನಿ," ಎಂದಳು. "ಸರಿ ಮಗಾ, ಒಳ್ಳೇದೇ ಆಯ್ತು," ಎಂದ ಆತ ಕೋಟು ಬಿಚ್ಚುವುದನ್ನೂ ಮರೆತು ಕತ್ತಲಾಗುವ ತನಕ ಜಗಲಿಯಲ್ಲಿ ಕೂತಿದ್ದನಂತೆ. ನನ್ನ ಹಿರಿಮಗಳು ಹೇಳಿದ್ದು.

ಮರುಸಂಜೆಯಿಂದ ಆತನ ಬಿಳಿ ಕಾರು ಖಾಲಿಯಾಗಿ ಆ ಬೂದಿ ಕಾರಿನ ಹಿಂದೆ ಹೋಗತೊಡಗಿತು. ಏನಾದರೊಂದು ಕುಂದು ಸಿಕ್ಕೀತೆಂದು. ತಿರುವಿನಲ್ಲಿ ತಪ್ಪುತ್ತಾನೋ, ಬ್ರೇಕು ತಡವಾಗಿ ಒತ್ತುತ್ತಾನೋ, ನೋಡುತ್ತ ನೋಡುತ್ತ ಹೋದವನಿಗೆ ಕೊನೆಗೆ ನಿಧಿಯೇ ಸಿಕ್ಕಿತು. ಬೆಳಕು ಕಂತಿ ಬೀದಿಯೆಲ್ಲ ಮಸುಕಾದರೂ ಬೂದಿ ಕಾರಿನ ಹಿಂಭಾಗದಲ್ಲಿ ದೀಪವೇ ಇಲ್ಲ. ಮುಂದೆ ಹಗಲುದೀಪ ಫಳಫಳ, ಒಳಗೆ ಮೀಟರುಗಳ ಬೆಳಕು ಝಗಝಗ, ಹಿಂದೆ ಮಾತ್ರ ಬೂದಿಯಲ್ಲಿ ಬೂದಿ. ಬ್ರೇಕು ಒತ್ತಿದಾಗಷ್ಟೇ ಕೆಂಪು ಒಮ್ಮೆ ಮಿನುಗಿ ಮರೆಯಾಗುತ್ತಿತ್ತು. ಕಣ್ಣೆದುರು ಬೆಳಕು ಇರುವುದರಿಂದ ಎಲ್ಲ ದೀಪವೂ ಉರಿಯುತ್ತಿದೆಯೆಂದು ನಂಬಿ ಕಿರಿಯಳಿಯ ಸ್ವಿಚ್ಚನ್ನು ಮುಟ್ಟುತ್ತಲೇ ಇರಲಿಲ್ಲ.

ಇದನ್ನು ಆತ ಯಾರಿಗೂ ಹೇಳಲಿಲ್ಲ. ಒಳಗಿಟ್ಟುಕೊಳ್ಳಲಾರದೆ ನನ್ನೊಬ್ಬಳ ಹತ್ತಿರ ಬಂದ. ನಾನು ಕೇಳುತ್ತೇನೆ, ಹೊರಗೆ ಬಿಡುವುದಿಲ್ಲ ಎಂದು ಮನೆಯವರಿಗೆಲ್ಲ ಗೊತ್ತು. ಭಾನುವಾರ ಎಲ್ಲರೂ ಊಟಕ್ಕೆ ಸೇರಲಿ, ಎಲ್ಲರ ಎದುರೇ ಅವನ ದೀಪದ ಬಂಡವಾಳ ಬಯಲು ಮಾಡುತ್ತೇನೆ ಎಂದು ಪಿಸುಗುಟ್ಟುವಾಗ ಆತನ ಕಣ್ಣುಗಳಲ್ಲಿ ಹುಡುಗಾಟದ ಹೊಳಪಿತ್ತು.

"ಆ ಗಾಡೀಲಿ ನಿಮ್ಮ ಮಗಳು ಕೂತಿರ್ತಾಳಲ್ರೀ," ಎಂದೆ.

"ಅದಕ್ಕೇ ಅಲ್ವಾ ಅತ್ತೆ ನಾನು ಹಿಂದೆ ಅಂಟ್ಕೊಂಡೇ ಹೋಗ್ತಿರೋದು? ನನ್ನ ದೀಪ ಎಲ್ಲಾ ಹಾಕಿರ್ತೀನಿ. ನಾಲ್ಕೂ ಇಂಡಿಕೇಟರ್ ಮಿಣುಕಿಸ್ತಾ ಹೋಗ್ತೀನಿ. ಲಾರಿಯವನು ಬಂದ್ರೆ ಮೊದಲು ನನಗೇ ಗುದ್ದಬೇಕು."

ಷಡ್ಡಕನ ತಪ್ಪು ಭಾನುವಾರದ ತನಕ ಕೆಡದೆ ಉಳಿಯಲೆಂದು ಈ ಮಹಾರಾಯ ದಿನಾ ಸಂಜೆ ತನ್ನ ಪ್ರಾಣವನ್ನೇ ಅದಕ್ಕೆ ಬೇಲಿಯಾಗಿ ಕಟ್ಟುತ್ತಿದ್ದ. ನನಗೆ ನಗುವೂ ಬಂತು, ಮೈಯೂ ಉರಿಯಿತು. ನಾಳೆ ಸಂಜೆಯೊಳಗೆ ನೀವು ಹೇಳದಿದ್ದರೆ ನಾನೇ ಹೇಳುತ್ತೇನೆ ಎಂದು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟೆ. ಆತ ಮುನಿಸಿಕೊಂಡು ಹೋದ.

ಮರುದಿನ ಸಂಜೆ ಸೋನೆ ಹಿಡಿಯಿತು. ಹೇಳುವ ಮನಸ್ಸು ಆತನಿಗೆ ಆಗಲೂ ಬಂದಿರಲಿಲ್ಲ. ಆಸ್ಪತ್ರೆಯ ಆಚೆ ಬದಿ ಇಂಜಿನ್ ಆರಿಸಿ, ದೀಪಗಳನ್ನೂ ಇಂಡಿಕೇಟರುಗಳನ್ನೂ ಹಾಗೇ ಬಿಟ್ಟುಕೊಂಡು ಕಾದಿದ್ದ. ಊರಿನವರ ಬ್ಯಾಟರಿಯ ಚಿಂತೆಯಲ್ಲೇ ತಲೆ ಹಣ್ಣಾದವನಿಗೆ ತನ್ನ ಬ್ಯಾಟರಿಯ ನೆನಪಾಗಲಿಲ್ಲ. ಬೂದಿ ಕಾರು ಮಗಳನ್ನು ಹತ್ತಿಸಿಕೊಂಡು ಹೊರಟಾಗ ಕೀಲಿ ತಿರುವಿದ. ಕಾರು ಕೆಮ್ಮಿತು, ಮತ್ತೆ ಕೆಮ್ಮಿತು, ಸುಮ್ಮನಾಯಿತು. ಮುಂದೆ ಮಳೆಯ ಮಬ್ಬಿನಲ್ಲಿ ಮಗಳು ಕೂತ ಕಾರು ಕರಗುತ್ತಿದೆ. ಹಿಂದಿನಿಂದ ಸಂಜೆಯ ಲಾರಿಗಳು ಒಂದರ ಬಾಲ ಒಂದು ಹಿಡಿದು ಬರುತ್ತಿವೆ.

ಆತ ಇಳಿದು ಓಡಿದ. ತಡೆದು ತಡೆದು ಊರುತ್ತಿದ್ದ ಆ ಎಡಗಾಲು ಅಂದು ಹೇಗೆ ಓಡಿತೋ, ನೀರು ತುಂಬಿದ ರಸ್ತೆಯ ನಡುವೆಯೇ, ಲಾರಿಗಳ ಹಾರ್ನಿನ ಬೈಗುಳ ತಿನ್ನುತ್ತ, ಎರಡೂ ಕೈ ಬೀಸಿ ಅವುಗಳನ್ನು ಬದಿಗೆ ಸರಿಸುತ್ತ ಓಡಿ, ಸಿಗ್ನಲ್ಲಿನಲ್ಲಿ ನಿಂತ ಬೂದಿ ಕಾರಿನ ಬೆನ್ನಿಗೆ ದಬದಬ ಗುದ್ದಿದ.

"ಹಿಂದೆ ದೀಪ ಇಲ್ಲ ಕಣಯ್ಯ. ಹಾಕು ಮೊದಲು."

ಕಿರಿಯಳಿಯ ಸ್ವಿಚ್ಚು ತಿರುವಿ, ಇಳಿದು ಬಂದು, ಆಗಷ್ಟೇ ಹೊತ್ತಿಕೊಂಡ ಕೆಂಪು ದೀಪಗಳ ಎದುರು ಬಿಳಿಚಿಕೊಂಡು ನಿಂತ. "ಒಳಗೆಲ್ಲಾ ಬೆಳಕಿತ್ತಲ್ಲ ಭಾವ, ಹಿಂದೇನೂ ಇದೆ ಅಂದ್ಕೊಂಡಿದ್ದೆ," ಎಂದ. ಮಗಳು ಕಿಟಕಿ ಇಳಿಸಿ ತೊಯ್ದು ತೊಪ್ಪೆಯಾದ ಅಪ್ಪನನ್ನು ನೋಡಿದಳು.

"ನೀವಿಲ್ಲೇನು ಮಾಡ್ತಿದೀರಿ ಅಪ್ಪಾ?"

ಆತ ಬ್ಯಾಟರಿ ಡೌನ್ ಆಯಿತು ಮಗಾ ಎಂದು, ಕೇಳದ ಪ್ರಶ್ನೆಗೆ ಉತ್ತರ ಹೇಳಿ, ಜನ್ಮದಲ್ಲಿ ಮೊದಲ ಸಲ ಆ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಮನೆಗೆ ಬಂದ.

ಭಾನುವಾರ ಊಟಕ್ಕೆ ಕೂತಾಗ ದೊಡ್ಡಳಿಯ ತಟ್ಟೆಯಿಂದ ತಲೆ ಎತ್ತಲಿಲ್ಲ. ಸಂಗತಿಯನ್ನೆಲ್ಲ ಕಿರಿಯಳಿಯನೇ ತೆಗೆದ. ತನ್ನ ಬೆಪ್ಪುತನವನ್ನು ಬಣ್ಣಿಸಿ ಎಲ್ಲರನ್ನೂ ನಗಿಸಿದ. ಕೊನೆಗೆ ಗಂಭೀರನಾಗಿ, ಭಾವ ನೋಡದೆ ಹೋಗಿದ್ದರೆ ಇವತ್ತು ಈ ಊಟ ಹೀಗಿರುತ್ತಿರಲಿಲ್ಲ ಎಂದ. ಮಗಳು ಎದ್ದು ಬಂದು ಅಪ್ಪನ ಪಕ್ಕದಲ್ಲಿ ಕೂತಳು. ಇನ್ನೇನು ಬೇಕು ಈ ಮನುಷ್ಯನಿಗೆ ಎಂದುಕೊಂಡೆ. ಕೈತೊಳೆಯುವಾಗ ಆತ ನನ್ನ ಹತ್ತಿರ ಸರಿದು, ಕಹಿ ನುಂಗಿದವನಂತೆ ಹೇಳಿದ:

"ನೋಡಿದ್ರಾ ಅತ್ತೆ, ತಪ್ಪು ಒಪ್ಪಿಕೊಳ್ಳೋದ್ರಲ್ಲೂ ಅವನದೇ ಮೇಲಾಯ್ತು."

ಹುಡುಗಿ ಈಗಲೂ ಚಿಕ್ಕಪ್ಪನ ಕಾರಿನಲ್ಲೇ ಬರುತ್ತಾಳೆ. ಆತನ ಸಂಕಟ ಎಳ್ಳಷ್ಟೂ ಕಡಿಮೆಯಾಗಿಲ್ಲ, ಆಗುವ ಸೂಚನೆಯೂ ಇಲ್ಲ. ಕರುಬುವವರನ್ನು ಕುರಿತು ಲೋಕ ಒಳ್ಳೆಯ ಮಾತಾಡುವುದಿಲ್ಲ, ಆಡಬೇಕೆಂದು ನಾನೂ ಹೇಳುವುದಿಲ್ಲ. ಅವರ ಜೊತೆ ಬಾಳುವುದು ಹೊಗೆ ತುಂಬಿದ ಅಡುಗೆಮನೆಯಲ್ಲಿ ಕೂತಂತೆ. ಆದರೆ ಇಷ್ಟು ವರ್ಷ ಕೂತು ಕೇಳಿದ್ದರಲ್ಲಿ, ಕಂಡದ್ದರಲ್ಲಿ ನನಗೆ ತಿಳಿದದ್ದು ಇಷ್ಟು: ನಮ್ಮನ್ನು ಮೆಚ್ಚುವವರು ನಮ್ಮ ಮುಖವನ್ನಷ್ಟೇ ನೋಡಿ, ಅಲ್ಲಿ ಬೆಳಕು ಕಂಡು, ತೃಪ್ತರಾಗಿ ಒಳಗೆ ಹೋಗಿಬಿಡುತ್ತಾರೆ. ನಮ್ಮ ಏಳಿಗೆ ಕಂಡು ನಿದ್ದೆಗೆಟ್ಟವರು ಮಾತ್ರ ನಮ್ಮ ಬೆನ್ನು ಬೀದಿಯ ತಿರುವಿನಲ್ಲಿ ಮರೆಯಾಗುವ ತನಕ ಕಣ್ಣು ಕೀಳದೆ ನಿಂತಿರುತ್ತಾರೆ. ನಮಗೆಂದೂ ಕಾಣದ ನಮ್ಮ ಹಿಂಬದಿಯನ್ನು ಅವರಷ್ಟು ಬಲ್ಲವರು ಬೇರೆ ಇಲ್ಲ.