ಹಿಂದಿನ ಕೋಣೆಯ ದನಿ

ಅದು ಉದ್ದನೆಯ ಮನೆ. ಮುಂದೆ ಸೊಸೆಯ ಹೊಲಿಗೆ ಅಂಗಡಿ, ನಡುವೆ ನಡುಮನೆ, ಕಟ್ಟಕಡೆಗೆ ಅತ್ತೆಯ ಕೋಣೆ. ವೈಫೈ ಪೆಟ್ಟಿಗೆ ಅಂಗಡಿಯಲ್ಲಿತ್ತು. ಹಿಂದಿನ ಕೋಣೆ ಮುಟ್ಟುವಷ್ಟರಲ್ಲಿ ಅದರ ಸಿಗ್ನಲ್ಲಿಗೆ ಏದುಸಿರು. ಅತ್ತೆ ಎರಡು ಸಲ ಬಿದ್ದ ಮೇಲೆ ಮಗ ಅಲ್ಲೊಂದು ಕ್ಯಾಮೆರಾ ಇಟ್ಟು, ಪಕ್ಕದಲ್ಲೇ ಎರಡನೆಯ ವೈಫೈ ಪೆಟ್ಟಿಗೆ ಸಿಕ್ಕಿಸಿದ. ಆ ಕ್ಯಾಮೆರಾದಲ್ಲಿ ನೋಡಲೂಬಹುದು, ಮಾತೂ ಆಡಬಹುದು. ಸೊಸೆ ಮಿಷನ್ ತುಳಿಯುತ್ತಲೇ ಮೊಬೈಲಿನಲ್ಲಿ ಅತ್ತೆಯ ಮೇಲೊಂದು ಕಣ್ಣಿಟ್ಟಿರುತ್ತಿದ್ದಳು.

ಒಂದು ಮಧ್ಯಾಹ್ನ ತಟ್ಟೆ ತಂದಿಟ್ಟಾಗ ಅತ್ತೆ ಕೇಳಿದರು, “ಅವನ ಊಟ ಆಯ್ತೇನೇ?”

“ಯಾರದು ಅತ್ತೆ?”

“ಅದೇ, ಇಲ್ಲಿ ಮಾತಾಡ್ತಾನಲ್ಲ, ಅವನು. ಪಾಪ, ದಿನಾ ಮಂಡಿನೋವು ಹೇಗಿದೆ ಅಂತ ಕೇಳ್ತಾನೆ.”

ಕೋಣೆಯಲ್ಲಿ ಯಾರೂ ಇರಲಿಲ್ಲ. ಸೊಸೆ ಮಂಚದ ಕೆಳಗೂ ಬಗ್ಗಿ ನೋಡಿದಳು. ಸಂಜೆ ಗಂಡನಿಗೆ ಹೇಳಿದರೆ ಅವನು ನಕ್ಕುಬಿಟ್ಟ. “ಅಮ್ಮನಿಗೆ ವಯಸ್ಸಾಯ್ತು ಕಣೇ. ನೀನೂ ಅವರ ಜೊತೆ ಸೇರಬೇಡ.”

ಮೂರನೇ ದಿನ ಮೊಬೈಲು ನೋಡಿದಳು. ಅತ್ತೆ ಒಂದು ಕೈ ಎತ್ತಿಕೊಂಡು ಮಂಚದ ಮೇಲಿದ್ದರು, ಹಿಂಬಾಗಿಲು ಹಾಕಿತ್ತು. ಸಮಾಧಾನವಾಯಿತು. ಒಂದು ತೋಳು ಹೊಲಿದು ಮತ್ತೆ ನೋಡಿದಳು. ಅತ್ತೆ ಎತ್ತಿದ ಕೈ ಎತ್ತಿದಂತೆಯೇ ಇತ್ತು. ಅವರ ಹಿಂದಿನ ಗೋಡೆ ಗಡಿಯಾರ ಮೂರೂ ಹತ್ತು ತೋರಿಸುತ್ತಿತ್ತು. ಅಂಗಡಿಯ ಗಡಿಯಾರದಲ್ಲಿ ನಾಲ್ಕಕ್ಕೆ ಐದೇ ನಿಮಿಷ.

ಎದ್ದುಬಿದ್ದು ಓಡಿದಳು. ಮಂಚ ಖಾಲಿ. ಹಿಂಬಾಗಿಲು ತೆರೆದುಕೊಂಡಿತ್ತು. ಅತ್ತೆ ಒಂಟಿ ಚಪ್ಪಲಿಯಲ್ಲಿ ಮೆಟ್ಟಿಲ ಅಂಚಿನಲ್ಲಿ ನಿಂತಿದ್ದರು.

“ಚಿಲಕ ತೆಗೀರಿ ಅಂದ ಕಣೇ. ತೆಗೆದೆ. ನೋಡಿದ್ರೆ ಯಾರೂ ಇಲ್ಲ.”

ಗಂಡ ಆ ರಾತ್ರಿಯೇ ಬೀಗ ತಂದ. “ನಾಳೆಯಿಂದ ಈ ಕೋಣೆಗೆ ಹೊರಗಿಂದ ಬೀಗ. ಬೇರೆ ದಾರಿ ಇಲ್ಲ.” ಅತ್ತೆ ಹಾಸಿಗೆಯ ಸುಕ್ಕು ತೀಡುತ್ತ ಕೂತರು.

“ಒಂದೇ ಒಂದು ದಿನ ತಡೀರಿ. ವೈರಕ್ಕ ಬಂದು ನೋಡಲಿ,” ಎಂದಳು ಸೊಸೆ. ಮನೆಮನೆಗೆ ವೈಫೈ ಜೋಡಿಸುವವಳನ್ನು ಬೀದಿಯವರೆಲ್ಲ ಕರೆಯುತ್ತಿದ್ದದ್ದು ಹಾಗೆಯೇ.

ವೈರಕ್ಕ ಬಂದವಳೇ ಯಾವ ಪೆಟ್ಟಿಗೆಯನ್ನೂ ಮುಟ್ಟಲಿಲ್ಲ. ಅತ್ತೆಯ ಪಕ್ಕ ಕೂತಳು. “ಅಮ್ಮಾ, ಅವನ ದನಿ ಯಾವ ಕಡೆಯಿಂದ ಬರ್ತಿತ್ತು?”

ಅಲ್ಲಿಯವರೆಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅತ್ತೆ ಬೆರಳೆತ್ತಿ ಕ್ಯಾಮೆರಾ ತೋರಿಸಿದರು.

ವೈರಕ್ಕ ಲ್ಯಾಪ್‌ಟಾಪ್ ತೆರೆದಳು. “ಮನೇಲಿ ವೈಫೈಗೆ ಏನೇನು ಸೇರಿಸಿದ್ದೀರಿ?”

“ಎರಡು ಮೊಬೈಲು, ಒಂದು ಟಿವಿ, ಈ ಕ್ಯಾಮೆರಾ.”

“ನಂದು ಸೇರಿದ್ರೆ ಐದು.” ಅವಳ ದನಿ ತಗ್ಗಿತು. “ಇಲ್ಲಿ ಆರಿವೆ. ಆರನೇದು ಈ ಕೋಣೆಯ ಪೆಟ್ಟಿಗೆಗೇ ಅಂಟಿಕೊಂಡಿದೆ. ಈಗಲೂ ಇದೆ.”

ಕ್ಯಾಮೆರಾದೊಳಗಿಂದ ಯಾರೋ ಮೆಲ್ಲಗೆ ಕೆಮ್ಮಿದರು.

ವೈರಕ್ಕ ಕ್ಯಾಮೆರಾದ ಪ್ಲಗ್ಗು ಕಿತ್ತಳು. ಗಂಡ ಹಿಂಬಾಗಿಲಿಗೆ ಓಡಿದ. ಗೋಡೆಯಾಚೆ ಓಣಿ ಬರಿದಾಗಿತ್ತು.

“ವೈಫೈ ಪಾಸ್‌ವರ್ಡ್ ಯಾರ್ಯಾರಿಗೆ ಗೊತ್ತು?” ಎಂದಳು ವೈರಕ್ಕ.

ಸೊಸೆ ಅಂಗಡಿಯ ಕಡೆ ತಿರುಗಿ ನೋಡಿದಳು. ಗಿರಾಕಿಗಳು ಮೊಬೈಲಿನಲ್ಲಿ ಉಡುಪಿನ ಮಾದರಿ ತೋರಿಸಲಿ ಎಂದು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಅವಳೇ ಅದನ್ನು ಅಂಗಡಿಯ ಕನ್ನಡಿ ಮೇಲೆ ಬರೆದಿಟ್ಟಿದ್ದಳು. ಕ್ಯಾಮೆರಾದ ಪಾಸ್‌ವರ್ಡೋ, ಕೊಂಡಾಗ ಏನಿತ್ತೋ ಅದೇ. ಗಂಡ ಬದಲಿಸಿರಲೇ ಇಲ್ಲ.

“ಕನ್ನಡಿ ನೋಡಿಕೊಂಡು ಯಾರೋ ವೈಫೈಗೆ ಸೇರಿ, ಕ್ಯಾಮೆರಾದಲ್ಲಿ ಮಾತಾಡಿದ್ದಾನೆ. ಹಿಂದಿನ ಓಣಿಯಲ್ಲಿ ನಿಂತರೆ ಅವನು ಈ ಪೆಟ್ಟಿಗೆಗೆ ಹತ್ತಿರ, ಅದಕ್ಕೇ ಅವನಿಗೆ ಎಲ್ಲ ಸಲೀಸು. ನಿಮಗೆ ಮಾತ್ರ ಚಿತ್ರ ನಿಂತುಹೋಗೋದು. ಸಿಗ್ನಲ್ಲೇ ಬರದ ಜಾಗದಲ್ಲಿಟ್ಟ ಪೆಟ್ಟಿಗೆ ಏನನ್ನ ಹಂಚುತ್ತೆ? ಅಂಗಡಿಯ ಪೆಟ್ಟಿಗೆಯಿಂದ ವೈರು ಎಳೀತೀನಿ. ನಡುಮನೆಗೊಂದು ಪೆಟ್ಟಿಗೆ, ಇಲ್ಲಿಗೊಂದು.”

“ಇಷ್ಟು ಮನೆಗೆ ಮೂರು ಪೆಟ್ಟಿಗೆನಾ? ವ್ಯಾಪಾರ ಜೋರಾಗಿದೆ ಬಿಡಿ,” ಎಂದ ಗಂಡ.

“ಈ ದಪ್ಪ ಗೋಡೆ ಒಡೀತೀರಾದ್ರೆ ಎರಡೇ ಸಾಕು. ಸುತ್ತಿಗೆ ಕೊಡ್ಲಾ?”

ಅತ್ತೆ ಎಷ್ಟೋ ದಿನಗಳ ಮೇಲೆ ನಕ್ಕರು.

ಸಂಜೆಯೊಳಗೆ ಕೆಲಸ ಮುಗಿಯಿತು. ಮನೆಯವರಿಗೆ ಮೂರು ಪೆಟ್ಟಿಗೆಗೂ ಒಂದೇ ಹೆಸರು, ಒಂದೇ ಹೊಸ ಪಾಸ್‌ವರ್ಡ್. ನಡೆದಾಡಿದಂತೆ ಮೊಬೈಲು ತಾನೇ ಹತ್ತಿರದ ಪೆಟ್ಟಿಗೆ ಹಿಡಿಯುತ್ತದೆ. ಗಿರಾಕಿಗಳಿಗೆ ಬೇರೆಯೇ ಅತಿಥಿ ವೈಫೈ. ಅದರಿಂದ ಮನೆಯ ಕ್ಯಾಮೆರಾ ಕಾಣುವುದಿಲ್ಲ. ಕ್ಯಾಮೆರಾಕ್ಕೂ ಪೆಟ್ಟಿಗೆಗಳ ಸೆಟ್ಟಿಂಗ್ ಬದಲಿಸುವ ಒಳಬಾಗಿಲಿಗೂ ಬೇರೆ ಬೇರೆ ಪಾಸ್‌ವರ್ಡ್. ಆರನೆಯದರ ವಿವರವನ್ನು ಪೊಲೀಸರಿಗೆ ಕೊಟ್ಟರು. ಆ ದನಿ ಯಾರದೆಂದು ಇನ್ನೂ ತಿಳಿದಿಲ್ಲ.

ಅತ್ತೆ ಮಗನನ್ನು ಕರೆದರು. “ನನ್ನ ತಲೆ ನೆಟ್ಟಗಿದೆ ಅಲ್ವೇನೋ?”

“ನಮ್ಮೆಲ್ಲರಿಗಿಂತ ನೆಟ್ಟಗಿದೆ ಅಮ್ಮಾ,” ಎಂದು ಅವನು ಬೀಗವನ್ನು ಹಿಂದಿರುಗಿಸಲು ಹೋದ.

ಓದುತ್ತಿರುವವರೇ, ನಿಮ್ಮ ವೈಫೈಗೆ ಎಷ್ಟು ಸೇರಿಕೊಂಡಿವೆ ಎಂದು ಇವತ್ತೇ ಎಣಿಸಿ. ಪೆಟ್ಟಿಗೆ, ಕ್ಯಾಮೆರಾಗಳ ಜೊತೆ ಬಂದ ಪಾಸ್‌ವರ್ಡ್ ಬದಲಿಸಿ. ಬಂದುಹೋಗುವವರಿಗೆ ಅತಿಥಿ ವೈಫೈ ಕೊಡಿ. ಎರಡನೆಯ ಪೆಟ್ಟಿಗೆಗೆ ವೈರು ಎಳೆಯಲಾಗದಿದ್ದರೆ, ಸಿಗ್ನಲ್ ಇನ್ನೂ ಗಟ್ಟಿಯಾಗಿರುವ ನಡುಜಾಗದಲ್ಲಿಡಿ. ಮನೆಯಲ್ಲಿ ಹಿರಿಯರೋ ಮಕ್ಕಳೋ “ಇಲ್ಲಿ ಯಾರೋ ಮಾತಾಡ್ತಾರೆ” ಅಂದರೆ ನಗಬೇಡಿ. ಪಕ್ಕದಲ್ಲಿ ಕೂತು, ಯಾವ ಕಡೆಯಿಂದ ಎಂದು ಕೇಳಿ.