ಕರೆಯಬಾರದ ಹಬ್ಬಕ್ಕೆ ದಾರಿ

"ಎತ್ತೋ, ಇನ್ನೊಂಚೂರು ಎತ್ತು! ಸೊಂಟ ಹಿಡ್ಕೊಂಡ್ರೆ ನಮ್ಮ ಸಂತ ನಿಕೋಲ ನೋಡ್ಕೋತಾನೆ!" ಟ್ರ್ಯಾಕ್ಟರಿನ ಅಡಿಯಲ್ಲಿ ಅಂಗಾತ ಮಲಗಿ ವಿತೋಮಿರ್ ಕೂಗಿದ.

"ನಿಮ್ಮ ನಿಕೋಲ ಹಡಗಿನವರನ್ನ ಕಾಯೋ ಸಂತ ಕಣೋ. ಸೊಂಟ ಅವನ ಇಲಾಖೆ ಅಲ್ಲ," ಎಂದ ಬೇಲಿಯಾಚೆಯ ಒಬ್ರಾದ್, ಕಬ್ಬಿಣದ ಅಲಗನ್ನು ಎದೆಗೆ ಒತ್ತಿಕೊಂಡು. ಕೊನೆಯ ಬೋಲ್ಟು ತೂತಿಗೆ ಕೂತಿತು.

ಶಾಲೆಯವರು ಎಸೆದಿದ್ದ ಬಾಯ್ಲರನ್ನು ಉದ್ದಕ್ಕೆ ಸೀಳಿ ಮಾಡಿದ, ಹಿಮ ದಬ್ಬುವ ಅಲಗು ಅದು. ಹೊಟ್ಟೆಯ ಬಾಗು ಹುಟ್ಟಿನಿಂದಲೇ ಬಂದಿತ್ತು. ಕಲ್ಲಿಗೆ ತಾಗಿದರೆ ಹಿಂದಕ್ಕೆ ಮಣಿಯಲೆಂದು ಬೆನ್ನಿಗೆ ಸ್ಪ್ರಿಂಗು, ಕೂತಲ್ಲಿಂದಲೇ ಎತ್ತಲು ಸರಪಳಿ ಮತ್ತು ಉದ್ದನೆಯ ಸನ್ನೆಗೋಲು. ಟ್ರ್ಯಾಕ್ಟರ್ ಮಾತ್ರ ಹೋರಿಗಿಂತ ತುಸು ಚಿಕ್ಕದು.

ಝ್ಲಾತಾರ್ ಬೆಟ್ಟದ ತುದಿಯ ವಿತೋಮಿರನ ಮನೆಗೆ ಹಿಮ ತೆಗೆಯುವ ಊರಿನ ದೊಡ್ಡ ಯಂತ್ರ ಬರುವುದಿಲ್ಲ. ಶಾಲೆಯ ಹತ್ತಿರವೇ ತಿರುಗಿಬಿಡುತ್ತದೆ. ಹೋದ ವರ್ಷ ಬಿದ್ದ ಹಿಮಕ್ಕೆ ಒಬ್ರಾದನ ಆಡು ಅವನದೇ ಹೊಗೆಗೂಡಿನ ಪಕ್ಕ ನಿಂತು, ಮನೆ ಎಲ್ಲಿ ಎಂದು ಅರಚುತ್ತಿತ್ತು. ಆ ಹಿಮದಲ್ಲೇ ನಿಕೋಲನ ಹಬ್ಬ ಬಂತು. ಅಲ್ಲಿ ಮನೆಗೊಬ್ಬ ಸಂತ; ಅವನ ಹಬ್ಬಕ್ಕೆ ಯಾರನ್ನೂ ಕರೆಯುವಂತಿಲ್ಲ. ಬರುವವರು ತಾವಾಗಿ ಬರಬೇಕು, ಬಾಗಿಲು ತೆರೆದಿರಬೇಕು. ಬಾಗಿಲು ತೆರೆದೇ ಇತ್ತು. ಒಬ್ರಾದ್ ಒಬ್ಬನೇ ಬಂದ; ಅವನು ಸುತ್ತಿಗೆ ಕೇಳುವುದಕ್ಕೂ ಬರುತ್ತಾನೆ, ಲೆಕ್ಕಕ್ಕಿಲ್ಲ. ಸಂಜೆ ವಿತೋಮಿರನ ಹೆಂಡತಿ ಕೊವಿಲ್ಕಾ ತುಂಬಿದಂತೆಯೇ ಉಳಿದ ತಟ್ಟೆಗಳನ್ನೆಲ್ಲ ಮೇಜಿನಿಂದ ಎತ್ತಿ, ಬೆನ್ನು ತಿರುಗಿಸಿ ಒಳಗೆ ಒಯ್ದಳು. ಗಂಡ ಆ ಬೆನ್ನನ್ನು ಮರೆತಿರಲಿಲ್ಲ.

ಈ ಸಲದ ಹಬ್ಬ ನಾಳೆಯೇ. ಟ್ರ್ಯಾಕ್ಟರ್ ಅಂಗಳದ ಹಿಮಕ್ಕೆ ಅಲಗು ಕೊಟ್ಟು, ಹಿಂದಿನ ಚಕ್ರ ಗಿರಗಿರ ತಿರುಗಿಸುತ್ತ ನಿಂತಲ್ಲೇ ನಿಂತಿತು.

"ಹಿಂದೆ ಭಾರ ಬೇಕು," ಎಂದ ಒಬ್ರಾದ್. ಕಲ್ಲುಗಳೆಲ್ಲ ಹಿಮದಡಿ. ಇಬ್ಬರ ಕಣ್ಣೂ ಒಟ್ಟಿಗೆ ಕೊಟ್ಟಿಗೆಯಲ್ಲಿದ್ದ ಹುಳಿ ಎಲೆಕೋಸಿನ ಪೀಪಾಯಿಯ ಮೇಲೆ ಬಿದ್ದವು.

"ಮುಟ್ಟಿದ್ರೆ ನೋಡು!" ಕೊವಿಲ್ಕಾ ಬಾಗಿಲಲ್ಲಿ ಪ್ರತ್ಯಕ್ಷಳಾದಳು. "ನಾಳೆ ಅನ್ನ, ಅಕ್ರೋಟು ಯಾವುದ್ರಲ್ಲಿ ಸುತ್ತಲಿ, ನಿನ್ನ ಟೋಪಿಯಲ್ಲಾ?"

"ಸುತ್ತೋಕೆ ಬೇಕಾದಷ್ಟು ಕೋಸಿನೆಲೆ ತಕ್ಕೊಳ್ಳೇ. ಮಿಕ್ಕಿದ್ದು ಕೊಡು."

ಅವಳು ಅಲಗನ್ನು ನೋಡಿದಳು, ಕೆಳಗೆ ಮುಚ್ಚಿಹೋದ ದಾರಿಯನ್ನು ನೋಡಿದಳು. ಆಮೇಲೆ ಒಳಗೆ ಹೋಗಿ ಎಲೆಗಳಿಗೆಂದು ದೊಡ್ಡ ಪಾತ್ರೆ ತಂದಳು.

ಹಬ್ಬದ ಬೆಳಿಗ್ಗೆ ವಿತೋಮಿರ್ ಪೀಪಾಯಿಯನ್ನು ಟ್ರ್ಯಾಕ್ಟರಿನ ಹಿಂದೆ ಬಿಗಿದು ಸನ್ನೆಗೋಲು ಇಳಿಸಿದ. ಹಿಮವನ್ನು ದಬ್ಬಬೇಕಾದೀತು ಎಂದುಕೊಂಡಿದ್ದ. ಹಿಮ ಎದ್ದಿತು. ಬಾಯ್ಲರಿನ ಹೊಟ್ಟೆಯೊಳಗೆ ಸುರುಳಿ ಸುತ್ತಿ, ಅವನ ತಲೆಯೆತ್ತರಕ್ಕೆ ಏರಿ, ಬಿಸಿಲನ್ನು ಒಳಗೆ ಹಿಡಿದು ಒಂದು ಕ್ಷಣ ತೂಗಿ, ಸದ್ದಿಲ್ಲದೆ ಬದಿಗೆ ಬಿತ್ತು. ಮತ್ತೆ ಎದ್ದಿತು. ಇಕ್ಕೆಲದಲ್ಲೂ ಗೋಡೆಗಳು ಬೆಳೆದವು, ಬುಡದಲ್ಲಿ ನೀಲಿ. ಇದನ್ನು ತಾನೇ ಮಾಡುತ್ತಿದ್ದೇನೆಂದು ನಂಬಲಾಗದೆ ಅವನು ಕೈಗವಸು ತೆಗೆದು ಆ ಸುರುಳಿಗೆ ಬೆರಳು ಚಾಚಿದ. ಬಾಯಿ ತೆರೆದಿದ್ದು ಹಲ್ಲು ಜುಮ್ಮೆಂದಾಗಲೇ ಗೊತ್ತಾಯಿತು.

ಶಾಲೆಯ ಮುಂದೆ ಜನ ನಿಂತಿದ್ದರು.

"ಏನೋ, ಕರೆಯೋಕ್ ಬಂದ್ಯಾ?" ಎಂದಳು ಅಂಗಡಿಯ ಮುದುಕಿ ಕ್ರ್‌ಸ್ತಿನ್ಯಾ.

"ಥೂ, ಬಿಡ್ತು ಅನ್ನಜ್ಜಿ! ನಾನ್ಯಾಕೆ ಕರೀಲಿ? ಗಾಡಿ ಹೆಂಗ್ ಓಡುತ್ತೆ ನೋಡ್ತಿದ್ದೆ."

"ಕೋಸಿನ ಪೀಪಾಯಿ ಕಟ್ಕೊಂಡು?"

"ತೂಕಕ್ಕೆ."

"ತೂಕದ ವಾಸನೆ ಚೆನ್ನಾಗಿದೆ," ಎಂದ ಯಾರೋ. ನಗು ಅರ್ಧಕ್ಕೇ ನಿಂತಿತು. ಎಲ್ಲರೂ ಅವನ ಹೆಗಲಾಚೆ ನೋಡುತ್ತಿದ್ದರು: ಬಿಳಿ ಬೆಟ್ಟದ ಮೈಮೇಲೆ ತುದಿಯವರೆಗೂ ಹೊಳೆಯುತ್ತ ಹತ್ತಿದ ಗೆರೆ. ಒಬ್ಬ ಮುದುಕ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ವಿತೋಮಿರ್ ಗಾಡಿ ತಿರುಗಿಸಿದ. ಹಿಂದಿರುಗಿ ನೋಡಿದರೆ ಕರೆದಂತೆಯೇ; ಕತ್ತು ಬಿಗಿಹಿಡಿದು ಮೇಲಕ್ಕೆ ಹತ್ತಿಸಿದ. ಇಂಜಿನ್ನಿನ ಸದ್ದಿಗೆ ಬೇರೇನೂ ಕೇಳಿಸಲಿಲ್ಲ. ಅಂಗಳದಲ್ಲಿ ಅದನ್ನು ಆರಿಸಿದ ಮೇಲೆ ಕೇಳಿಸಿತು: ತಿರುವಿನ ಕೆಳಗೆ, ಗೋಡೆಗಳ ನಡುವೆ, ಕರಕರ ಎನ್ನುವ ಬೂಟುಗಳು, ಅಜ್ಜಿಯ ಏದುಸಿರು, ಬೈಗುಳ.

"ಕೊವಿಲ್ಕಾ," ಎಂದ, ಬಲು ಮೆಲ್ಲಗೆ.

ಮಧ್ಯಾಹ್ನದ ಹೊತ್ತಿಗೆ ಒಳಗೆ ಕಾಲಿಡಲು ಜಾಗವಿರಲಿಲ್ಲ. ಮೇಣದಬತ್ತಿ ಉರಿಯುತ್ತಿತ್ತು. ಕೊವಿಲ್ಕಾ ಬೀನ್ಸು ಬಡಿಸುತ್ತ ಯಾರನ್ನೋ ಬೈಯುತ್ತಿದ್ದಳು. ಕಿಟಕಿಯ ಪಕ್ಕ ಕೂತಿದ್ದ ಒಬ್ರಾದ್ ಗಾಜಿನ ಮಂಜು ಒರೆಸಿದ. ಹೊರಗೆ ಮತ್ತೆ ಹಿಮ ಬೀಳುತ್ತಿತ್ತು, ದಪ್ಪಗೆ, ನೇರವಾಗಿ. ದಾರಿಯ ಹೆಜ್ಜೆಗಳು ಒಂದೊಂದಾಗಿ ತುಂಬಿಕೊಳ್ಳುವುದನ್ನು ಎಲ್ಲರೂ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕ್ರ್‌ಸ್ತಿನ್ಯಾ ಅಜ್ಜಿ ಬೂಟು ಕಳಚಿ, ಒಲೆಯ ಹತ್ತಿರ ಒಣಗಲು ಇಟ್ಟಳು.